ರಾಜಗೋಪಾಲರ ಬೆರಳು ಮತ್ತು ಗಾಜಿನ ರಿಮೋಟು

ಗಾಜಿನ ರಿಮೋಟು ಬಂದ ದಿನದಿಂದ ರಾಜಗೋಪಾಲರಿಗೆ ತಮ್ಮದೇ ಮನೆಯ ಟಿವಿ ಮುಂದೆ ನೆಂಟರ ಹಾಗೆ ಕೂರುವ ಗತಿ ಬಂದಿತ್ತು. ಟೆಕ್ಸಸ್ಸಿನ ಆಸ್ಟಿನ್ ಪಕ್ಕದ ಲಿಯಾಂಡರಿನಲ್ಲಿರುವ ಅಳಿಯ ದುಷ್ಯಂತ್ ಮಾವನ ಹುಟ್ಟುಹಬ್ಬಕ್ಕೆಂದು ಅದನ್ನು ದೂರದ ಯೂಲೆಸ್‌ನಲ್ಲಿರುವ ಅವರ ಮನೆಗೆ ಹೊತ್ತು ತಂದಿದ್ದ. ಟಿವಿ, ದೀಪ, ಕಿಟಕಿ ಪರದೆ, ಗ್ಯಾಸಿನ ಬೆಂಕಿಗೂಡು ಎಲ್ಲವೂ ಅಂಗೈಯಗಲದ ಆ ಗಾಜಿನೊಳಗೆ. ಇನ್ನು ಇವೆಲ್ಲ ಯಾಕೆ ಮಾವ ಎಂದು ಹಳೇ ರಿಮೋಟುಗಳನ್ನು ಚೀಲಕ್ಕೆ ತುಂಬಿಕೊಂಡೂ ಹೋಗಿದ್ದ.

ರಾಜಗೋಪಾಲರು ನಿವೃತ್ತರಾಗುವ ತನಕ ಕಾರ್ಖಾನೆಗಳಿಗೆ ಸ್ವಿಚ್ ಬೋರ್ಡು ಮಾಡಿಕೊಟ್ಟ ಎಂಜಿನಿಯರು. ಗುಂಡಿ ಅಂದಮೇಲೆ ಒತ್ತಿದರೆ ಟಕ್ ಅನ್ನಬೇಕು, ಕಣ್ಣು ಮುಚ್ಚಿದರೂ ಬೆರಳಿಗೆ ದಾರಿ ಗೊತ್ತಿರಬೇಕು ಎಂಬುದು ಅವರ ಮತ. ಈ ಗಾಜು ಟಕ್ ಅನ್ನುವುದಿರಲಿ, ಅವರ ಒಣಗಿದ ಬೆರಳನ್ನು ಬೆರಳು ಎಂದೇ ಒಪ್ಪುತ್ತಿರಲಿಲ್ಲ. ಹೆಂಡತಿ ಅನುಸೂಯಾ ಮಾತ್ರ ರಂಗೋಲಿ ಎಳೆ ಎಳೆದಷ್ಟು ಸಲೀಸಾಗಿ ಅದರ ಮೇಲೆ ಬೆರಳಾಡಿಸುತ್ತಿದ್ದರು.

ಆ ಶನಿವಾರ ಅನುಸೂಯಾ ಆಸ್ಟಿನ್ನಿನಲ್ಲಿದ್ದರು. ವರ್ಷಗಟ್ಟಲೆ ವೃಂದಗಾನದ ಹಿಂದಿನ ಸಾಲಿನಲ್ಲಿ ನಿಂತು ಬಾಯಾಡಿಸಿದ ಮೇಲೆ, ಕನ್ನಡ ಸಂಘದ ಉತ್ಸವದಲ್ಲಿ ಮೊದಲ ಸಲ ಒಬ್ಬರೇ ಹಾಡುವವರಿದ್ದರು. ಮಂಡಿಯ ಆಪರೇಷನ್ ಆಗಿದ್ದ ಗಂಡನಿಗೆ ಅಷ್ಟು ದೂರ ಕಾರಿನಲ್ಲಿ ಕಾಲು ಮಡಿಸಿ ಕೂರುವ ಹಾಗಿರಲಿಲ್ಲ.

"ಮನೇಲೇ ಕೂತ್ಕೊಂಡು ಟಿವಿಲಿ ನೋಡಿ" ಎಂದಿದ್ದರು ಹೊರಡುವಾಗ. "ಆದ್ರೆ ನೋಡ್ಲೇಬೇಕು. ನೀವು ನೋಡ್ತಿದೀರ ಅಂದ್ಕೊಂಡೇ ನಾನು ಹಾಡೋದು."

ದುಷ್ಯಂತ್ ನೇರ ಪ್ರಸಾರವನ್ನು ಟಿವಿಗೆ ಜೋಡಿಸಿಟ್ಟು, ಕೆಂಪು ಚಿತ್ರವೊಂದನ್ನು ಮುಟ್ಟಿದರೆ ಸಾಕು ಎಂದು ಹೇಳಿಕೊಟ್ಟಿದ್ದ. ಅಷ್ಟು ಸುಲಭದ ಕೆಲಸವಲ್ಲವೇ ಎಂಬ ಧೈರ್ಯದಿಂದ ರಾಜಗೋಪಾಲರು ಪಕ್ಕದ ಮನೆಯ ಡಾಕ್ಟರ್ ಶಿವಪುತ್ರಪ್ಪನವರನ್ನೂ ಕಾಫಿಗೆ ಕರೆದಿದ್ದರು.

ಮಧ್ಯಾಹ್ನ ಕೆಂಪು ಚಿತ್ರವನ್ನು ಮುಟ್ಟಿದರು. ಏನೂ ಆಗಲಿಲ್ಲ. ಒತ್ತಿದರು, ಉಜ್ಜಿದರು, ಕೊನೆಗೆ ಬಾಗಿಲು ಬಡಿದ ಹಾಗೆ ಬಡಿದರು. ಧಾರವಾಡದ ಶಿವಪುತ್ರಪ್ಪನವರು ಬೆರಳುಗಳನ್ನು ಹಿಡಿದು ಪರೀಕ್ಷಿಸಿ, ರಕ್ತ ಸಂಚಾರ ಸಾಲದು ಎಂದು ತೀರ್ಪು ಕೊಟ್ಟರು. ನೀರಲ್ಲಿ ಅದ್ದಿ ಮುಟ್ಟಲು ಹೇಳಿದರು. ಒದ್ದೆ ಬೆರಳು ತಾಗಿದ್ದೇ ತಡ, ಗಾಜಿಗೆ ದೆವ್ವ ಮೆಟ್ಟಿಕೊಂಡಿತು. ಪರದೆಗಳು ಇಳಿದವು. ದೀಪಗಳು ನೀಲಿಯಾದವು. ಆಗಸ್ಟ್ ತಿಂಗಳ ಟೆಕ್ಸಸ್ ಸೆಖೆಯಲ್ಲಿ ಬೆಂಕಿಗೂಡು ಭಗ್ಗೆಂದು ಹತ್ತಿಕೊಂಡಿತು. ಟಿವಿಯೂ ಬಂತು, ಅದರಲ್ಲಿ ಯಾರೋ ಸ್ಪ್ಯಾನಿಷಿನಲ್ಲಿ ಮಾತಾಡುತ್ತ ದೊಡ್ಡ ಮೀನೊಂದನ್ನು ಎಳೆಯುತ್ತಿದ್ದರು.

"ಇದು ಕನ್ನಡ ಸಂಘ ಅಲ್ರೀ" ಎಂದರು ಶಿವಪುತ್ರಪ್ಪ, ಬೆವರು ಒರೆಸಿಕೊಳ್ಳುತ್ತ.

ಎದುರು ಮನೆಯ ಮೃಣಾಲಿನಿಯನ್ನು ಕರೆದದ್ದಾಯಿತು. ಸಾಫ್ಟ್‌ವೇರ್ ಕಂಪನಿಯ ಹುಡುಗಿ. ಬಂದವಳೇ ಬೆಂಕಿ ಆರಿಸಿದಳು, ದೀಪ ಸರಿಮಾಡಿದಳು. ರಾಜಗೋಪಾಲರಿಗೆ ಜೀವ ಬಂದ ಹಾಗಾಯಿತು. ಆದರೆ ಅಷ್ಟು ಹೊತ್ತಿಗೆ ಅಪರಿಚಿತರ ಕೈಗೆ ಸಿಕ್ಕಿದ್ದೇನೆಂದು ಅನುಮಾನಪಟ್ಟ ಗಾಜು ಪಾಸ್‌ವರ್ಡ್ ಕೇಳಿತು. ರಾಜಗೋಪಾಲರು ಮಗಳ ಹೆಸರು ಹೇಳಿದರು, ಮನೆದೇವರ ಹೆಸರು ಹೇಳಿದರು. ಗಾಜು ಕಪ್ಪಾಗಿ ಮುಚ್ಚಿಕೊಂಡಿತು. ದುಷ್ಯಂತ್ ಸಭಾಂಗಣದಲ್ಲಿದ್ದ, ಫೋನ್ ಎತ್ತಲಿಲ್ಲ. ಫೋನಿನಲ್ಲಾದರೂ ನೋಡೋಣವೆಂದರೆ ಪ್ರಸಾರದ ಲಿಂಕ್ ಬಂದಿದ್ದದ್ದು ಅನುಸೂಯಾ ಅವರ ಇ-ಮೇಲಿಗೆ.

ಆಗ ರಾಜಗೋಪಾಲರು ಗೋಡೆಗೆ ಕೆನ್ನೆ ಒತ್ತಿ, ಟಿವಿಯ ಬೆನ್ನ ಹಿಂದೆ ಕೈ ತೂರಿಸಿದರು. ಧೂಳು, ವೈರು, ಜೇಡರ ಬಲೆ ದಾಟಿ ಬೆರಳ ತುದಿಗೆ ಉಬ್ಬಿದ ಒಂದು ಗುಂಡಿ ಸಿಕ್ಕಿತು. ಕಳೆದುಹೋದ ಮಗು ಸಿಕ್ಕಷ್ಟು ಸಂತೋಷವಾಯಿತು ಅವರಿಗೆ. ಒತ್ತಿದರು. ಟಕ್ ಅಂದಿತು. ಟಿವಿ ಆರಿಹೋಯಿತು.

ಅದನ್ನು ಮತ್ತೆ ಹತ್ತಿಸುವಷ್ಟರಲ್ಲಿ ಕಾರ್ಯಕ್ರಮದ ಹೊತ್ತು ಮುಗಿದಿತ್ತು. ಮೃಣಾಲಿನಿ ಪಾಪ ಅನ್ನುವ ಮುಖ ಮಾಡಿಕೊಂಡು ಹೊರಟಳು. ಶಿವಪುತ್ರಪ್ಪನವರು ಹೆಗಲ ಮೇಲೆ ಕೈಯಿಟ್ಟರು.

"ಭಾಳ ಛಲೋ ಹಾಡಿದಿ ಅಂದುಬಿಡ್ರಿ. ಯಾವ ಹೆಂಡ್ತಿ ಅದಕ್ಕ ಸಾಕ್ಷಿ ಕೇಳ್ತಾಳ್ರಿ?"

ಸಂಜೆ ಅನುಸೂಯಾ ಬಂದರು. ರೇಷ್ಮೆ ಸೀರೆ ಇನ್ನೂ ಬದಲಿಸಿರಲಿಲ್ಲ. ಅವರು ಚಪ್ಪಲಿ ಬಿಡುವ ಮುಂಚೆಯೇ ರಾಜಗೋಪಾಲರು ಅಭ್ಯಾಸ ಮಾಡಿಟ್ಟಿದ್ದನ್ನು ಒಪ್ಪಿಸಿದರು.

"ಏನ್ ಹಾಡಿದ್ಯೇ ಅನು. ಎರಡನೇ ಚರಣಕ್ಕೆ ನನ್ನ ಕಣ್ಣಲ್ಲಿ ನೀರೇ ಬಂತು."

ಅನುಸೂಯಾ ನಿಧಾನವಾಗಿ ಬಳೆ ಬಿಚ್ಚಿಟ್ಟರು. "ನಾನು ಹಾಡಲೇ ಇಲ್ವಲ್ರೀ. ಗಂಟಲು ಕಟ್ಕೊಂಡ್ಬಿಡ್ತು. ನನ್ನ ಹಾಡನ್ನ ನಮ್ಮ ವೃಂದದ ರಜನಿ ಹಾಡಿದ್ಲು."

ರಾಜಗೋಪಾಲರ ಎದುರು ಈಗ ಎರಡೇ ದಾರಿಗಳಿದ್ದವು. ಕಾರ್ಯಕ್ರಮ ನೋಡಲೇ ಇಲ್ಲ ಎನ್ನುವುದು ಒಂದು. ನೋಡಿದೆ, ಆದರೆ ಇಷ್ಟು ಕಾಲ ಸಂಸಾರ ಮಾಡಿದ ಹೆಂಡತಿಯ ಮುಖವೂ ದನಿಯೂ ಗುರುತು ಸಿಗಲಿಲ್ಲ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಪೆಟ್ಟು ಸ್ವಲ್ಪ ಕಡಿಮೆ ಎನಿಸಿತು. ಸೋಫಾದಲ್ಲಿ ಕುಸಿದು ಎಲ್ಲವನ್ನೂ ಹೇಳಿಬಿಟ್ಟರು. ಬೆರಳು, ನೀರು, ಬೆಂಕಿ, ಮೀನು, ಪಾಸ್‌ವರ್ಡ್. ಹೇಳುತ್ತ ಹೇಳುತ್ತ ಹುರುಪೇರಿ, ತಪ್ಪೆಲ್ಲ ಗಾಜಿನದೇ, ಗುಂಡಿ ಇದ್ದಿದ್ದರೆ ಮೊದಲನೇ ಸಾಲಿನಿಂದ ಕೇಳುತ್ತಿದ್ದೆ ಎಂದೂ ವಾದಿಸಿದರು.

ಅನುಸೂಯಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ ರಿಮೋಟು ಎತ್ತಿಕೊಂಡು, ಪಾಸ್‌ವರ್ಡ್ ಹಾಕಿ, ಬೆರಳನ್ನು ಒಮ್ಮೆ ಎಳೆದರು. ಆಸ್ಟಿನ್ನಿನ ವೇದಿಕೆ ಟಿವಿಯ ತುಂಬ ಅರಳಿತು. ರೆಕಾರ್ಡಿಂಗ್ ಆಗಲೇ ಬಂದಿತ್ತು.

"ಹಾಡಿದೆ ಕಣ್ರೀ" ಎಂದರು. "ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಇಳಿದು ಬಂದು ಫೋನ್ ನೋಡಿದ್ರೆ, ಪಾಸ್‌ವರ್ಡ್ ಏನು ಆಂಟಿ ಅಂತ ಮೃಣಾಲಿನಿ ಮೆಸೇಜು. ನೀವಾಗೇ ಹೇಳ್ತೀರೇನೋ ಅಂತ ನೋಡಿದೆ."

ರಾಜಗೋಪಾಲರು ತೋಳಿಗೆ ಇನ್ನೂ ಅಂಟಿದ್ದ ಜೇಡರ ಬಲೆಯನ್ನು ಒರೆಸಿಕೊಂಡರು.

"ನನ್ನದು ಕೊನೇ ಹಾಡು. ಮೊದಲಿಂದ ನೋಡ್ತಾ ಇರಿ, ಸ್ನಾನ ಮಾಡ್ಕೊಂಡು ಬಂದು ಯಾರ್ಯಾರು ಏನೇನು ಹಾಡಿದ್ರು ಅಂತ ಕೇಳ್ತೀನಿ." ಅನುಸೂಯಾ ರಿಮೋಟನ್ನು ಗಂಡನ ತೊಡೆಯ ಮೇಲಿಟ್ಟು ಒಳಗೆ ಹೋದರು.

ಟಿವಿಯಲ್ಲಿ ಸಂಘದ ಅಧ್ಯಕ್ಷರು ಮೈಕಿನ ಮುಂದೆ ಬಂದು, ಕೋಟಿನ ಜೇಬಿನಿಂದ ದಪ್ಪನೆಯ ಕಾಗದದ ಮಡಿಕೆಯೊಂದನ್ನು ಹೊರತೆಗೆದರು. ಹಳೇ ರಿಮೋಟಿನಲ್ಲಿ ಮುಂದಕ್ಕೆ ಓಡಿಸುವ ಗುಂಡಿ ಎಲ್ಲಿರುತ್ತಿತ್ತೆಂದು ರಾಜಗೋಪಾಲರ ಹೆಬ್ಬೆರಳಿಗೆ ಚೆನ್ನಾಗಿ ಗೊತ್ತಿತ್ತು. ಅದು ತಾನಾಗಿಯೇ ಆ ಜಾಗಕ್ಕೆ ಹೋಗಿ ಒತ್ತಿತು. ಗಾಜು ನುಣ್ಣಗೆ, ತಣ್ಣಗೆ, ಸುಮ್ಮನಿತ್ತು.

"ನಾನು ಹೆಚ್ಚು ಸಮಯ ತೆಗೆದುಕೊಳ್ಳುವುದಿಲ್ಲ" ಎಂದು ಅಧ್ಯಕ್ಷರು ಮೊದಲನೆಯ ಹಾಳೆ ಬಿಡಿಸಿದರು.