ಒಂದು ವರ್ಷದ ಪರಿಚಯ

ಸಾವಿರದ ಒಂಬೈನೂರ ಎಪ್ಪತ್ತೇಳರಲ್ಲಿ ಅಜ್ಜಂಪುರದಲ್ಲಿ ವಾಸವಾಗಿದ್ದ ವಿದೇಶೀಯರ ಸಂಖ್ಯೆ ಒಂದು. ಅವರ ಹೆಸರು ಓಲ್ಸನ್, ದೇಶ ಡೆನ್ಮಾರ್ಕ್, ಕೆಲಸ ಅಮೃತಮಹಲ್ ದನಗಳ ಕೊಂಬು ಅಳೆಯುವುದು. ಅದೇ ಊರಿನಲ್ಲಿದ್ದ ಬ್ಯಾಂಕ್ ಮ್ಯಾನೇಜರುಗಳ ಸಂಖ್ಯೆಯೂ ಒಂದು. ಅದು ನಾನು.

ಓಲ್ಸನ್ ಊರಿಗೆ ಬಂದವರೇ ಖಾತೆ ತೆರೆಯಲು ನಮ್ಮಲ್ಲಿಗೆ ಬಂದರು. ಅವರ ಸಂಬಳ ಕೋಪನ್‌ಹೇಗನ್ನಿನಿಂದ ಅವರಿಗಿಂತ ಮೊದಲೇ ಬಂದು ಕೂತಿತ್ತು. ಪರಿಚಯದಾರನೊಬ್ಬನ ಹೊರತು ಬೇಕಾದದ್ದೆಲ್ಲ ಅವರಲ್ಲಿತ್ತು. ಪರಿಚಯದಾರನು ಶಾಖೆಯ ಖಾತೆದಾರನಾಗಿರತಕ್ಕದ್ದು. ಅರ್ಜಿದಾರನನ್ನು ಕನಿಷ್ಠ ಒಂದು ವರ್ಷದಿಂದ ಬಲ್ಲವನಾಗಿರತಕ್ಕದ್ದು. ಇದು ಸುತ್ತೋಲೆ. ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವನಾದ್ದರಿಂದ ಸುತ್ತೋಲೆಯ ಅಲ್ಪವಿರಾಮವನ್ನೂ ಬಿಡದೆ ಪಾಲಿಸುತ್ತೇನೆ.

ಎದುರಿನ ಹೋಟೆಲಿನ ಷಣ್ಮುಖಪ್ಪ ಕೈ ಒರೆಸಿಕೊಂಡು ಬಂದ. ಊರಿನ ಮುಕ್ಕಾಲು ಪಾಲು ಖಾತೆಗಳಿಗೆ ಅವನೇ ಪರಿಚಯದಾರ. ಈ ಸಾಹೇಬರನ್ನು ಎಷ್ಟು ಕಾಲದಿಂದ ಬಲ್ಲೆ ಎಂದು ಕೇಳಿದೆ.

"ಮೊನ್ನೆಯಿಂದ ಇಡ್ಲಿ ತಿಂತಾವ್ರೆ ಸ್ವಾಮಿ. ನೀವು ವರ್ಷ ಅಂತ್ಲೇ ಬರ್ಕೊಳ್ಳಿ, ಇಡ್ಲಿ ಏನು ಸಾಕ್ಷಿ ಹೇಳಕ್ಕೆ ಬತ್ತದಾ?"

ನಾನು ಬರೆದುಕೊಳ್ಳಲಿಲ್ಲ.

ಓಲ್ಸನ್ ಪಾಸ್‌ಪೋರ್ಟ್ ತೋರಿಸಿದರು. ಇದು ತಾವು ಡೆನ್ಮಾರ್ಕಿನಲ್ಲಿ ಯಾರು ಎಂಬುದನ್ನು ಹೇಳುತ್ತದೆಯೇ ಹೊರತು ಅಜ್ಜಂಪುರದಲ್ಲಿ ಯಾರು ಎಂಬುದನ್ನಲ್ಲ ಎಂದು ವಿವರಿಸಿದೆ. ಹಾಗಾದರೆ ಹಣ ವಾಪಸು ಕಳಿಸಿಬಿಡಿ ಎಂದರು. ಕಳಿಸಬಹುದು, ಆದರೆ ಹಣದ ಒಡೆಯನ ಸಹಿ ಬೇಕು. ಒಡೆಯ ತಾವೇ ಎನ್ನುವುದಕ್ಕೆ ಪರಿಚಯದಾರ ಬೇಕು. ಅವರು ಬಹಳ ಹೊತ್ತು ಫ್ಯಾನನ್ನೇ ನೋಡಿದರು. ಕರೆಂಟು ಇರಲಿಲ್ಲ.

ಯಾವ ಖಾತೆಗೂ ಸೇರದ ಹಣಕ್ಕೆಂದೇ ಇರುವ 'ಇತರೆ ಠೇವಣಿ' ಎಂಬ ತಲೆಬರಹದಡಿ ಅದನ್ನು ಸೇರಿಸಿದೆ. ಮುಂದಿನ ತಿಂಗಳ ಹಣ ಬಂತು, ಅದೂ ಅಲ್ಲಿಗೇ ಸೇರಿತು.

ಅಷ್ಟರಲ್ಲಿ ಷಣ್ಮುಖಪ್ಪ ಸಾಲದ ಇಡ್ಲಿ ನಿಲ್ಲಿಸಿದ. ಓಲ್ಸನ್ ತಮ್ಮ ದೇಶಕ್ಕೆ ಹೊರಡಲು ಪೆಟ್ಟಿಗೆ ಕಟ್ಟತೊಡಗಿದರು. ಅರ್ಧ ಮಂದೆಯ ಕೊಂಬು ಇನ್ನೂ ಬಾಕಿಯಿತ್ತು. ನನ್ನ ಬ್ಯಾಂಕಿನಲ್ಲಿ ಹಣವಿರುವ ಮನುಷ್ಯ ಉಪವಾಸ ಬೀಳುವುದು ನನ್ನ ತತ್ತ್ವಕ್ಕೆ ಒಗ್ಗದು. ನಿಯಮ ಸಡಿಲಿಸುವುದಂತೂ ಒಗ್ಗದು. ಆದ್ದರಿಂದ ಅವರ ಕೋಣೆಯ ಬಾಡಿಗೆಯನ್ನು ನನ್ನ ಸಂಬಳದಿಂದ ಕಟ್ಟಿದೆ, ಎರಡು ಹೊತ್ತಿನ ಊಟಕ್ಕೆ ಮನೆಗೆ ಕರೆತಂದೆ. ನನ್ನ ಹೆಂಡತಿ ದಾಕ್ಷಾಯಣಮ್ಮ ಮೊದಲ ವಾರ ಹೋಳಿಗೆ ಮಾಡಿದಳು. ಆಮೇಲೆ ಮುದ್ದೆಗೆ ಇಳಿದಳು. ಒಂದು ದಿನ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದಳು:

"ಅವರ ದುಡ್ಡು ನಿಮ್ಮ ತಿಜೋರೀಲಿ, ಅವರ ಮುದ್ದೆ ನನ್ನ ಒಲೆ ಮೇಲೆ. ಇದ್ಯಾವ ಸೀಮೆ ಬ್ಯಾಂಕು ಕಣ್ರೀ?"

ಗ್ರಾಹಕರ ವ್ಯವಹಾರವನ್ನು ಮನೆಯಲ್ಲಿ ಚರ್ಚಿಸಕೂಡದೆಂಬ ನಿಯಮವನ್ನು ತಿಳಿಸಿ, ಓಲ್ಸನ್ನರಿಗೆ ಇನ್ನಷ್ಟು ಮಜ್ಜಿಗೆ ಬಡಿಸಲು ಹೇಳಿದೆ.

ಹನ್ನೊಂದು ತಿಂಗಳು ಕಳೆದವು. ಮುಖ್ಯ ಕಚೇರಿಯಿಂದ ಪ್ರಕಟಣೆ ಬಂತು: ಇಷ್ಟೊಂದು ವಿದೇಶೀ ಹಣವನ್ನು ಸಂಗ್ರಹಿಸಿ, ಅದರಲ್ಲಿ ಒಂದು ಪೈಸೆಯೂ ಹೊರಹೋಗದಂತೆ ಕಾಪಾಡಿದ ಗ್ರಾಮೀಣ ಶಾಖೆ ಇನ್ನೊಂದಿಲ್ಲ. ಶಾಖೆಗೆ ಬೆಳ್ಳಿ ಫಲಕ ಸಿಕ್ಕಿತು. ನನಗೆ ಬಡ್ತಿಯ ಮೇಲೆ ಕಡೂರಿನ ದೊಡ್ಡ ಶಾಖೆಗೆ ಮ್ಯಾನೇಜರಾಗಿ ವರ್ಗವಾಯಿತು.

ನನ್ನ ಜಾಗಕ್ಕೆ ಬಂದ ಪಂಚಾಕ್ಷರಪ್ಪ ಎಂಬ ಯುವಕ ಮೊದಲ ದಿನವೇ ಷಣ್ಮುಖಪ್ಪನ ಸಹಿ ಹಾಕಿಸಿಕೊಂಡು ಓಲ್ಸನ್ನರಿಗೆ ಖಾತೆ ತೆರೆದುಕೊಟ್ಟ. ವರ್ಷ ತುಂಬಲು ಒಂದು ತಿಂಗಳು ಕಡಿಮೆಯಿತ್ತು. ನಾನು ಆಕ್ಷೇಪಣೆ ಬರೆದು ಕಳಿಸಿದೆ.

ಕಡೂರಿನಲ್ಲಿ ಒಂದು ಸಣ್ಣ ವಿಷಯ ಎದುರಾಯಿತು. ವರ್ಗವಾದ ನೌಕರನು ಹಳೆಯ ಶಾಖೆಯ ಖಾತೆಯನ್ನು ಮುಚ್ಚಿ, ಹೊಸ ಶಾಖೆಯಲ್ಲಿ ತೆರೆದ ಖಾತೆಯಲ್ಲೇ ಸಂಬಳ ಪಡೆಯತಕ್ಕದ್ದು. ಗುಮಾಸ್ತ ತೀರ್ಥಪ್ಪ ನನ್ನ ಅರ್ಜಿ ತುಂಬಿ, ಪರಿಚಯದಾರನಾಗಿ ತಾನೇ ಸಹಿ ಹಾಕಲು ಪೆನ್ನು ತೆಗೆದ.

"ನನ್ನನ್ನು ಎಷ್ಟು ಕಾಲದಿಂದ ಬಲ್ಲಿರಿ?"

"ಬೆಳಗ್ಗೆ ಹತ್ತರಿಂದ, ಸಾರ್."

ಅರ್ಜಿ ಕ್ರಮಪ್ರಕಾರ ಮ್ಯಾನೇಜರ ಮೇಜಿಗೆ ಬಂತು. ಎರಡು ಸಲ ಓದಿ ತಿರಸ್ಕರಿಸಿದೆ. ಅರ್ಜಿದಾರರಿಗೆ ಪತ್ರ ಕಳಿಸಬೇಕೇ ಎಂದು ತೀರ್ಥಪ್ಪ ಮೆಲ್ಲಗೆ ಕೇಳಿದ. ಅಂಚೆಯಲ್ಲಿ ಕಳಿಸಿ ಎಂದೆ. ಪತ್ರ ಮೂರು ದಿನಕ್ಕೆ ನನ್ನ ಕೈ ಸೇರಿತು. ಭಾಷೆ ಕಟುವಾಗಿದ್ದರೂ ನ್ಯಾಯವಾಗಿತ್ತು. ನನ್ನ ಸಂಬಳ 'ಇತರೆ ಠೇವಣಿ'ಗೆ ಹೋಯಿತು.

ದಾಕ್ಷಾಯಣಮ್ಮ ನನ್ನ ಜೊತೆ ಕಡೂರಿಗೆ ಬರಲೊಪ್ಪದೆ ಅಜ್ಜಂಪುರದಲ್ಲೇ ಉಳಿದಳು. ಅಲ್ಲಿ ನಮ್ಮ ಮನೆಯ ಬಾಡಿಗೆಯನ್ನೂ ದಿನಸಿಯ ಹಣವನ್ನೂ ಈಗ ಓಲ್ಸನ್ ಚೆಕ್ಕಿನಲ್ಲಿ ಕೊಡುತ್ತಿದ್ದರು, ಊಟ ಮೊದಲಿನಂತೆ ಅಲ್ಲೇ. ಭಾನುವಾರದ ರೈಲಿಗೆ ನಾನೂ ಹೋದೆ. ಗ್ರಾಹಕರಿಂದ ಸಾಲ ಪಡೆಯುವುದು ನಿಷಿದ್ಧವಾದ್ದರಿಂದ ಏನೂ ಕೇಳದೆ ಹೊಸಲಾಚೆ ನಿಂತೆ. ಓಲ್ಸನ್ ಕೈಯ ಮುದ್ದೆ ಬಿಟ್ಟು ತಲೆಯೆತ್ತಿದರು.

"ಬನ್ನಿ ಸಾಹೇಬ್ರೇ, ಕೂತ್ಕೊಳ್ಳಿ. ನಿಮ್ಮನ್ನ ಒಂದು ವರ್ಷದಿಂದ ಬಲ್ಲೆ ಕಣ್ರೀ."

ಅವಧಿ ಸರಿಯಾಗಿತ್ತು. ಕೂತೆ.

ಈ ಸಲದ ಫಲಕ ಕಡೂರು ಶಾಖೆಗೆ ಬಂದಿದೆ, ಸಿಬ್ಬಂದಿಯ ಉಳಿತಾಯಕ್ಕಾಗಿ. ಸಂಬಳದಲ್ಲಿ ಒಂದು ರೂಪಾಯಿಯನ್ನೂ ಮುಟ್ಟದ ಮ್ಯಾನೇಜರು ಬೇರೆಲ್ಲೂ ಇಲ್ಲವಂತೆ. ಸಮಾರಂಭಕ್ಕೆ ಹೋಗಿ ಫಲಕ ಸ್ವೀಕರಿಸಿದೆ, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೋಗಿಬರುವ ಟಿಕೆಟ್ಟನ್ನು ಓಲ್ಸನ್ ತೆಗೆಸಿಕೊಟ್ಟಿದ್ದರು.