ಹದಿನಾರು ದಾರಿಯ ಪೆಟ್ಟಿಗೆ

ಭಾನುವಾರ ಬೆಳಗ್ಗೆ ತಾರಾನಾಥನ ನಿದ್ದೆ ಕೆಡಿಸಿದ್ದು ಸೊಸೈಟಿಯ ವಾಟ್ಸ್ಯಾಪ್ ಗುಂಪಿಗೆ ಬಂದ ಒಂದು ಸಂದೇಶ. ಡೊಂಬಿವಲಿ ಪೂರ್ವದ ಆ ವಸತಿ ಸೊಸೈಟಿಯ ಚೇರ್ಮನ್ ಪ್ರೇಮನಾಥ ಬರೆದಿದ್ದರು: ನೆಲಮಹಡಿಯ ಹಳೆಯ ಆಫೀಸ್ ಕೋಣೆಯನ್ನು ಆನ್‌ಲೈನ್ ಪಾರ್ಸೆಲ್ ಇಡಲು ಬಳಸಬೇಕೇ ಎಂಬುದನ್ನು ಕಮಿಟಿ ಇವತ್ತು ಸಂಜೆ ತೀರ್ಮಾನಿಸಲಿದೆ. ಅದಕ್ಕೂ ಮೊದಲು, ನಾಲ್ಕು ಗಂಟೆಗೆ, ತಾರಾನಾಥರು ನಮ್ಮ ಮಹಿಳಾ ಭಜನಾ ಮಂಡಳಿಯ ಹಾಡನ್ನು ರೆಕಾರ್ಡ್ ಮಾಡಿ ಕೇಳಿಸಲಿ. ಚೆನ್ನಾಗಿ ಬಂದರೆ ಕೋಣೆ ಅವರಿಗೇ ಇರಲಿ. ಇಲ್ಲದಿದ್ದರೆ ಅವರ ಮೆಷಿನ್ ಗುಜರಿ ಕೊಳ್ಳುವ ಭಂಗಾರದವನಿಗೆ. ಕೊನೆಯಲ್ಲಿ ಕೈಮುಗಿದ ಎರಡು ಚಿತ್ರಗಳಿದ್ದವು.

ಅವರು ಮೆಷಿನ್ ಎಂದದ್ದು ಹಲವು ಮೈಕುಗಳ ಸ್ವರವನ್ನು ಹಿಡಿದು ಬೆರೆಸುವ ಒಂದು ಕನ್ಸೋಲಿಗೆ. ಠಾಣೆಯಲ್ಲಿ ಮುಚ್ಚಿಹೋದ ಒಂದು ರೆಕಾರ್ಡಿಂಗ್ ಸ್ಟುಡಿಯೋದಿಂದ ತಾರಾನಾಥ ಅದನ್ನು ತಂದು ಎರಡು ವರ್ಷವಾಗಿತ್ತು. ಡಬಲ್ ಕಾಟ್‌ನಷ್ಟು ಅಗಲ, ಮೈತುಂಬ ಗುಂಡಿ, ಹದಿನಾರು ಸಾಲು, ಪ್ರತಿ ಸಾಲಿನ ನೆತ್ತಿಯ ಮೇಲೆ ಸದ್ದಿನ ಏರಿಳಿತ ತೋರಿಸುವ ಒಂದು ಮುಳ್ಳು. ಇಳಿಸಲು ಆರು ಜನ ಹಮಾಲರು ಬೇಕಾಗಿದ್ದರು. ಮೂರನೇ ಮಹಡಿಯ ಅವನ ಮನೆಗೆ ಹತ್ತಿಸುವುದು ದೂರದ ಮಾತು, ಲಿಫ್ಟಿನ ಬಾಗಿಲಲ್ಲೇ ಅದು ಅಡ್ಡ ನಿಂತಿತ್ತು. ಹೀಗಾಗಿ ಅದನ್ನಿಟ್ಟಿದ್ದ ಕೆಳಗಿನ ಕೋಣೆ ಹೋದರೆ ಕನ್ಸೋಲೂ ಹೋದಂತೆ.

ಈ ಎರಡು ವರ್ಷದಲ್ಲಿ ಅವನು ಅದರಲ್ಲಿ ಒಂದು ಕೆಮ್ಮನ್ನೂ ರೆಕಾರ್ಡ್ ಮಾಡಿರಲಿಲ್ಲ. ಕಾರಣ ಸರಳವಾಗಿತ್ತು. ಕನ್ಸೋಲಿಗೆ ಗೊತ್ತಿರುವುದು ವಿದ್ಯುತ್ತಿನ ಭಾಷೆ, ಕಂಪ್ಯೂಟರಿಗೆ ಗೊತ್ತಿರುವುದು ಅಂಕಿಗಳ ಭಾಷೆ. ಮನೆಯಲ್ಲಿ ತುಳು ಮಾತ್ರ ಬಲ್ಲ ಅಜ್ಜಿಗೂ ಬಾಗಿಲಿಗೆ ಬಂದ ಮರಾಠಿ ಪೋಸ್ಟ್‌ಮ್ಯಾನಿಗೂ ನಡುವೆ ನಿಲ್ಲುವ ಮೊಮ್ಮಗನಂತೆ, ಇವೆರಡರ ನಡುವೆ ಒಂದು ಪೆಟ್ಟಿಗೆ ಬೇಕು. ಅದಕ್ಕೆ ಕನ್ವರ್ಟರ್ ಎನ್ನುತ್ತಾರೆ. ಯಾವ ಕನ್ವರ್ಟರ್ ಎಂಬುದೇ ತಾರಾನಾಥನಿಗೆ ತೀರ್ಮಾನವಾಗಿರಲಿಲ್ಲ. ರಬಾಳೆಯ ಕಾರ್ಖಾನೆಯಲ್ಲಿ ಸ್ಟೋರ್ಸ್ ಸೂಪರ್‌ವೈಸರ್ ಆಗಿದ್ದ ಅವನು, ಹೋಗುವಾಗ ಬರುವಾಗ ಟ್ರೇನಿನಲ್ಲಿ ಅದನ್ನೇ ಓದುತ್ತಿದ್ದ. ಓದುತ್ತ ಓದುತ್ತ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಮುಚ್ಚಿದ ಕಣ್ಣಿನೊಳಗೆ ಹದಿನಾರು ಮುಳ್ಳುಗಳು ಗಾಳಿಗೆ ಸಿಕ್ಕ ಭತ್ತದ ತೆನೆಗಳ ಹಾಗೆ ಓಲಾಡುತ್ತಿದ್ದವು. ಯಾರೋ ಹಾಡುತ್ತಿದ್ದರು, ಹಾಡಿದ್ದು ಹಾಡಿದ ಹಾಗೆಯೇ ಮರಳಿ ಬರುತ್ತಿತ್ತು. ಆ ಸುಖಕ್ಕಾಗಿ ಅವನು ಎಷ್ಟೋ ಸಲ ಇಳಿಯಬೇಕಾದ ಸ್ಟೇಷನ್ನನ್ನು ಬಿಟ್ಟುಕೊಟ್ಟಿದ್ದ.

"ಎರಡು ವರ್ಷ ಆಯ್ತು," ಎಂದಳು ಹೆಂಡತಿ ಗಂಗಾ, ಸಂದೇಶ ಓದಿ. "ನನ್ನನ್ನು ನೋಡ್ಲಿಕ್ಕೆ ಬಂದಾಗ ನೀವು ಉಪ್ಪಿಟ್ಟು ಮುಗಿಯುದ್ರೊಳಗೆ ಹೂಂ ಅಂದದ್ದು. ಒಂದು ಡಬ್ಬಕ್ಕೆ ಇಷ್ಟು ಯೋಚನೆಯಾ?"

"ಅದು ಹಾಗಲ್ಲ ಮಾರಾಯ್ತಿ, ಇದನ್ನು ಒಮ್ಮೆ ತಂದ್ರೆ ಮತ್ತೆ ಬದಲಾಯಿಸ್ಲಿಕ್ಕೆ ಆಗುದಿಲ್ಲ," ಎಂದ ತಾರಾನಾಥ. ಹೇಳಿದ ಮೇಲೆ ಅವನಿಗೆ ಹೇಳಿದ್ದೇನೆಂದು ಹೊಳೆಯಿತು. ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಮೆಟ್ಟಿಲ ಬಳಿ ಪ್ರೇಮನಾಥ ಸಿಕ್ಕರು. ಠಾಣೆಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಅವರಿಗೆ ಯಾವ ಮೆಷಿನ್ನಿನ ಬಗ್ಗೆಯೂ ಒಂದು ಅಭಿಪ್ರಾಯ ಇದ್ದೇ ಇರುತ್ತಿತ್ತು.

"ತಾರಾನಾಥರೇ, ನಾನು ಗ್ರೈಂಡರ್ ತಗೊಳ್ಳುವಾಗ ಒಂದೇ ನೋಡುದು. ಭಾರ ಉಂಟಾ? ಭಾರ ಇದ್ರೆ ಬಾಳ್ತದೆ. ಮತ್ತೆ ಲೈಟ್ ಜಾಸ್ತಿ ಇರುದು ನೋಡಿ ತನ್ನಿ, ಕಮಿಟಿಯವರಿಗೆ ಕಾಣ್ಬೇಕಲ್ಲ."

ಲೈಟಿಗೂ ಧ್ವನಿಗೂ ಸಂಬಂಧವಿಲ್ಲ ಎಂದು ಹೇಳಲು ತಾರಾನಾಥ ಬಾಯಿ ತೆರೆದ. ಅಷ್ಟರಲ್ಲಿ ಮೇಲಿನಿಂದ ಅವರ ಹೆಂಡತಿ ಜಯಲತಾ ಬಗ್ಗಿ ಕೇಳಿದರು. "ನನ್ನ ಸ್ವರ ಸ್ವಲ್ಪ ಮುಂದೆ ಬರುವ ಹಾಗೆ ನೋಡಿ ಆಯ್ತಾ? ಮಂಡಳಿಯಲ್ಲಿ ಉಳಿದವರು ಸುಮ್ಮನೆ ಗೋವಿಂದ ಹೇಳುದು." ಜಯಲತಾ ಮಂಡಳಿಯ ಅಧ್ಯಕ್ಷೆ. ಕಮಿಟಿಯ ತೀರ್ಮಾನಗಳು ಬಹುಮಟ್ಟಿಗೆ ಅವರ ಅಡುಗೆಮನೆಯಲ್ಲೇ ಆಗುತ್ತವೆಂದು ಕಟ್ಟಡಕ್ಕೆಲ್ಲ ಗೊತ್ತಿತ್ತು.

ಸೀವುಡ್ಸ್‌ನಲ್ಲಿ ಸ್ಟುಡಿಯೋ ಸಾಮಾನು ಮಾರುವ ನಿಶ್ಮಿತಾ ಇವನನ್ನು ಕಂಡು ನಕ್ಕಳು. ಅಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತಿತ್ತು. "ಅಂಕಲ್, ಫಿರ್ ಸೇ ದೇಖ್ನೇ ಆಯೇ?" ಎಂದಳು. ಬರೀ ನೋಡಿ ಹೋಗುವ ಗಿರಾಕಿ ಎಂದು ಅವಳಿಗೆ ತಿಳಿದಿತ್ತು.

"ಇಲ್ಲಮ್ಮ, ಇವತ್ತು ತಗೊಂಡೇ ಹೋಗುದು."

ಅವಳು ಮೂರು ಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟಳು. ಮೊದಲನೆಯದು ಟಿಫಿನ್ ಡಬ್ಬದಷ್ಟೇ, ಸ್ವರ ಒಳಬರಲು ಅದಕ್ಕೆ ಎರಡೇ ದಾರಿ. ಕನ್ಸೋಲಿನಲ್ಲೇ ಎಲ್ಲರ ಸ್ವರವನ್ನು ಬೆರೆಸಿ ಎರಡಾಗಿ ಕಳಿಸಬೇಕು. ಬೆರೆಸಿದ ಮೇಲೆ ಸಾಂಬಾರಿನಿಂದ ಉಪ್ಪು ತೆಗೆಯಲಾಗದ ಹಾಗೆ ಯಾರನ್ನೂ ಬೇರ್ಪಡಿಸಲಾಗದು. ಎರಡನೆಯದಕ್ಕೆ ಎಂಟು ದಾರಿ. ಅದರೊಳಗೆ ಮೈಕಿನ ಸಣ್ಣ ಸದ್ದನ್ನು ದೊಡ್ಡದು ಮಾಡುವ ಏರ್ಪಾಡೂ ಇತ್ತು. ಆದರೆ ಆ ಕೆಲಸವನ್ನು ಕನ್ಸೋಲ್ ತಾನೇ ಮಾಡುತ್ತದೆ, ಅದಕ್ಕಾಗಿಯೇ ಅದನ್ನು ತಂದದ್ದು. ಮೂರನೆಯದು ಉದ್ದನೆಯ ಕಪ್ಪು ಪೆಟ್ಟಿಗೆ. ಹದಿನಾರು ದಾರಿ, ಬೇರೇನೂ ಇಲ್ಲ. ಬಂದದ್ದನ್ನು ಬಂದ ಹಾಗೆ ಅಂಕಿಗಳಾಗಿಸುವುದು, ಅಷ್ಟೇ.

"ಆಪ್ ಕೇ ಕನ್ಸೋಲ್ ಮೇಂ ಹರ್ ಚಾನಲ್ ಕಾ ಅಲಗ್ ಔಟ್ ಹೈ ನಾ? ತೋ ಯೇ ಹೀ ಲೋ," ಎಂದಳು ನಿಶ್ಮಿತಾ, ಪ್ರತಿ ಸಾಲಿಗೂ ಬೇರೆ ಹೊರದಾರಿ ಇರುವ ಕನ್ಸೋಲಿಗೆ ಇದೇ ಸರಿ ಎಂಬಂತೆ. "ಯೇ ಕುಛ್ ನಹೀಂ ಛುಪಾತಾ."

ಇದು ಏನನ್ನೂ ಮುಚ್ಚಿಡುವುದಿಲ್ಲ. ಆ ಮಾತು ತಾರಾನಾಥನ ಎದೆಗೆ ನೇರವಾಗಿ ಹೋಯಿತು. ಜೀವಮಾನವಿಡೀ ಅವನು ಹುಡುಕುತ್ತಿದ್ದದ್ದು ಅದನ್ನೇ. ಆದರೂ ಅಭ್ಯಾಸಬಲದಿಂದ ಮೂರನ್ನೂ ಇನ್ನೊಂದು ಗಂಟೆ ನೋಡಿದ, ಹಿಂದೆ ತಿರುಗಿಸಿದ, ಮುಂದೆ ತಿರುಗಿಸಿದ. ನಿಶ್ಮಿತಾ ಊಟ ಮುಗಿಸಿ ಬಂದಾಗ ಕಪ್ಪು ಪೆಟ್ಟಿಗೆಯನ್ನು ಅಪ್ಪಿಕೊಂಡು ನಿಂತಿದ್ದ.

ಠಾಣೆಯಲ್ಲಿ ಗಾಡಿ ಬದಲಾಯಿಸಿ ಕಿಟಕಿಯ ಪಕ್ಕ ಕೂತ. ಹಳಿ ದುರಸ್ತಿಗೆಂದು ಭಾನುವಾರ ಮಾಡುವ ಮೆಗಾಬ್ಲಾಕಿನಿಂದಾಗಿ ಟ್ರೇನು ನಡೆದುಕೊಂಡು ಹೋಗುವವರಿಗಿಂತ ನಿಧಾನವಾಗಿತ್ತು. ಎದುರಿಗೆ ಕೂತ ಮನುಷ್ಯ ಪೆಟ್ಟಿಗೆಯ ಮೇಲೆ ತನ್ನ ವಡಾಪಾವ್ ಇಟ್ಟು, ಇಡಬಹುದೇ ಎಂದು ಆಮೇಲೆ ಕೇಳಿದ. ತಾರಾನಾಥ ಆಗಲೇ ಅಲ್ಲಿರಲಿಲ್ಲ. ಮುಂಬ್ರಾದಲ್ಲಿ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರದ ಹಿನ್ನೀರಿನ ಖಾಡಿ ಹೊಳೆಯುತ್ತಿತ್ತು. ಹಳಿಯ ಸದ್ದು ಒಂದನೇ ದಾರಿಯಲ್ಲಿ ಬಂತು, ಗಾಳಿ ಎರಡನೆಯದರಲ್ಲಿ, ಕಡಲೆಕಾಯಿ ಮಾರುವವನ ಕೂಗು ಏಳನೆಯದರಲ್ಲಿ. ಒಂದಕ್ಕೊಂದು ತಾಗದೆ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ನಿಂತವು. ಲೋಕ ಇಷ್ಟು ಸ್ವಚ್ಛವಾಗಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಕಣ್ಣು ತೆರೆದಾಗ ಕಲ್ಯಾಣ ಬಂದಿತ್ತು.

ಹಿಂದಿರುಗಿ ಡೊಂಬಿವಲಿಯಲ್ಲಿಳಿದು, ಆಟೋದಲ್ಲಿ ಮಡಿಲಲ್ಲಿ ಪೆಟ್ಟಿಗೆ ಇಟ್ಟುಕೊಂಡು ಸೊಸೈಟಿ ಮುಟ್ಟಿದಾಗ ನಾಲ್ಕೂವರೆ. ಕೋಣೆಯಲ್ಲಿ ಗಂಗಾಳೂ ಸೇರಿ ಒಂಬತ್ತು ಜನ ಹೆಂಗಸರು ಒಂದೇ ಬಣ್ಣದ ಸೀರೆಯಲ್ಲಿ ಕೂತು ಬೆವರುತ್ತಿದ್ದರು. ಪ್ರೇಮನಾಥ ಗಡಿಯಾರ ನೋಡಿದರು. ತಾರಾನಾಥ ಪೆಟ್ಟಿಗೆಯನ್ನು ಮೇಜಿನ ಕೆಳಗಿನ ಗೂಡಿಗೆ ತಳ್ಳಿ, ದಪ್ಪ ಕೇಬಲಿನಿಂದ ಕನ್ಸೋಲಿಗೆ ಜೋಡಿಸಿ, ಲ್ಯಾಪ್‌ಟಾಪಿಗೂ ಗೋಡೆಯ ಕರೆಂಟಿಗೂ ಸಿಕ್ಕಿಸಿದ. ಹದಿನಾರು ಹಸಿರು ದೀಪಗಳು ಹೊತ್ತಿದವು.

"ಲೈಟ್ ಉಂಟು. ಒಳ್ಳೇದೇ ತಂದಿದ್ದೀರಿ," ಎಂದರು ಪ್ರೇಮನಾಥ.

ಒಬ್ಬೊಬ್ಬರ ಮುಂದೆ ಒಂದೊಂದು ಮೈಕು. ಜಯಲತಾ ಶುರು ಮಾಡಿದರು, ಉಳಿದವರು ಹಿಡಿದುಕೊಂಡರು. ಮುಳ್ಳುಗಳು ಓಲಾಡಿದವು. ತಾರಾನಾಥನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಹಾಡು ಮುಗಿದ ಮೇಲೆ ಅವನು ಕಣ್ಣು ಒರೆಸಿಕೊಂಡು, ರೆಕಾರ್ಡ್ ಆದದ್ದನ್ನು ಕನ್ಸೋಲಿನ ಜೊತೆ ತಂದಿದ್ದ ಸ್ಟುಡಿಯೋದ ದೊಡ್ಡ ಸ್ಪೀಕರಿನಲ್ಲಿ ಕೇಳಿಸಿದ.

ಪೆಟ್ಟಿಗೆ ಏನನ್ನೂ ಮುಚ್ಚಿಡಲಿಲ್ಲ. ಬಳೆಗಳು ಪಾತ್ರೆ ಬಿದ್ದಂತೆ ಸದ್ದು ಮಾಡಿದವು. ಎರಡನೇ ಸಾಲಿನ ಸತ್ಯಮ್ಮ ಪ್ರತಿ ಚರಣದ ಕೊನೆಗೂ ಉಸಿರು ಎಳೆದುಕೊಂಡದ್ದು ಕೋಣೆಯ ಗಾಳಿಯನ್ನೇ ಹೀರಿದಂತಿತ್ತು. ಮೂರನೇ ಚರಣದಲ್ಲಿ ಜಯಲತಾ ಮೇಲೇರಲು ಹೋಗಿ ಶ್ರುತಿ ಬಿಟ್ಟು ಪಕ್ಕದ ಗಲ್ಲಿಗೆ ಇಳಿದದ್ದು, ಅಲ್ಲೇ ಸ್ವಲ್ಪ ಹೊತ್ತು ತಿರುಗಾಡಿದ್ದು ಸ್ಫಟಿಕದಷ್ಟು ಸ್ಪಷ್ಟವಾಗಿತ್ತು. ಆಗ ಐದನೇ ದಾರಿಯಿಂದ, ಕಿವಿಯಲ್ಲೇ ಹೇಳಿದಂತೆ, ತುಳುವಿನಲ್ಲಿ ಒಂದು ಪಿಸುಮಾತು ಬಂತು: ಜಯಲತಕ್ಕ ಮತ್ತೆ ಕಳೆದುಹೋದರು, ಇನ್ನು ನಾವೇ ಹುಡುಕಿಕೊಂಡು ಹೋಗಬೇಕು. ಆ ಸ್ವರ ಗಂಗಾಳದು.

ಗಂಗಾ ನೆಲ ನೋಡಿದಳು.

"ನನ್ನ ಉಸಿರು ಹಿಂಗ ಇಲ್ಲ ಬಿಡ್ರಿ," ಎಂದರು ವಿಜಯಪುರ ಕಡೆಯ ಸತ್ಯಮ್ಮ. "ಎಮ್ಮಿ ಹಂಗ ಕೇಳಸ್ತೈತಿ. ಮಷೀನೇ ಕೆಟ್ಟೈತಿ."

"ಮೆಷಿನ್ ಕೆಟ್ಟದ್ದಾ, ಮನುಷ್ಯರು ಕೆಟ್ಟದ್ದಾ ಅಂತ ನೋಡ್ಬೇಕು," ಎಂದರು ಜಯಲತಾ, ಗಂಗಾಳ ಕಡೆ ನೋಡದೆ. "ಪಾರ್ಸೆಲ್ ಎಲ್ಲ ಗೇಟ್ ಹತ್ರ ಬಿಸಿಲಿಗೆ ಬೀಳ್ತದೆ ಪಾಪ."

ತಾರಾನಾಥ ಕನ್ಸೋಲಿನ ಅಂಚನ್ನು ಹಿಡಿದುಕೊಂಡ. ಭಂಗಾರದವನ ತಕ್ಕಡಿಯ ಮೇಲೆ ಅದು ಮಲಗಿರುವುದು ಕಣ್ಣಿಗೆ ಕಟ್ಟಿ, ಅಳು ಬರುವಂತಾಯಿತು. "ಇನ್ನೊಂದೇ ಸಲ," ಎಂದ. "ದಮ್ಮಯ್ಯ, ಇನ್ನೊಂದೇ ಸಲ ಹಾಡಿ."

"ಎಲ್ಲರೂ ಒಂದು ಲೋಟ ಕಾಫಿ ಕುಡಿಯಿರಿ ಮೊದಲು," ಎಂದು ಗಂಗಾ ಎದ್ದಳು. ತಪ್ಪು ಮಾಡಿದವಳಿಗೆ ಕೈಗೊಂದು ಕೆಲಸ ಬೇಕಾಗಿತ್ತು. ಮೇಲಿನಿಂದ ಹಾಲು, ಡಿಕಾಕ್ಷನ್, ಕರೆಂಟಿನ ಕೆಟಲ್ ಎಲ್ಲ ತಂದು ಮೂಲೆಯಲ್ಲಿ ಬಿಸಿ ಮಾಡಿ, ಜಯಲತಾರಿಗೆ ಎಲ್ಲರಿಗಿಂತ ಮೊದಲು, ನೊರೆ ಹೆಚ್ಚಾಗಿ ಕೊಟ್ಟಳು. ಕಾಫಿ ಹೊಟ್ಟೆಗಿಳಿದ ಮೇಲೆ ಜಯಲತಾರ ಮುಖ ಸ್ವಲ್ಪ ಸಡಿಲಾಯಿತು.

ಎರಡನೇ ಸಲ ಗುಂಡಿ ಒತ್ತಿ ತಾರಾನಾಥ ಕಣ್ಣು ಮುಚ್ಚಿಕೊಂಡ. ಕನ್ಸೋಲಿಗೇ ಸಿಕ್ಕಿಸಿದ ಹೆಡ್‌ಫೋನಿನಲ್ಲಿ ಹಾಡು ಕೇಳುತ್ತಿತ್ತು, ನಡುನಡುವೆ ಅರೆಗಣ್ಣು ತೆರೆದಾಗ ಮುಳ್ಳುಗಳು ಓಲಾಡುತ್ತಿದ್ದವು. ಲ್ಯಾಪ್‌ಟಾಪಿನ ಕಡೆ ನೋಡುವ ಧೈರ್ಯ ಅವನಿಗಿರಲಿಲ್ಲ.

"ಈ ಸಲ ನಿಮ್ಮ ಆ ದೊಡ್ಡ ಸ್ಪೀಕರ್ ಬೇಡ, ದೋಷ ಅದರದ್ದೇ," ಎಂದು ಪ್ರೇಮನಾಥ ಗಣೇಶೋತ್ಸವದ ಬ್ಲೂಟೂತ್ ಸ್ಪೀಕರನ್ನು ತಂದು ಕಿಟಕಿಯಲ್ಲಿಟ್ಟರು. ತಾರಾನಾಥ ಮರುಮಾತಿಲ್ಲದೆ ಲ್ಯಾಪ್‌ಟಾಪನ್ನು ಅದಕ್ಕೆ ಜೋಡಿಸಿದ.

ಹಾಡು ಹೊರಟಿತು. ದೂರದ ದೇವಸ್ಥಾನದಿಂದ ತೇಲಿಬಂದಂತಿತ್ತು. ಒಂಬತ್ತು ಸ್ವರ ಕರಗಿ ಒಂದಾಗಿದ್ದವು. ಯಾರು ಎಲ್ಲಿ ಜಾರಿದರೆಂದು ದೇವರಿಗೂ ತಿಳಿಯುವಂತಿರಲಿಲ್ಲ. ಬಳೆಯೂ ತಾಳದ ಜೊತೆ ಸೇರಿಕೊಂಡಿತ್ತು. ಸತ್ಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಗಿದ ಮೇಲೆ ಜಯಲತಾ ಎದ್ದು ಬಂದು ಗಂಗಾಳ ಕೈ ಹಿಡಿದರು. "ಮೊದಲಿನದ್ದು ಮೆಷಿನ್ ಬಿಸಿಯಾಗದೆ ಹಾಗೆ ಬಂದದ್ದು ಅಂತ ಕಾಣ್ತದೆ," ಎಂದರು. ಗಂಗಾ ಹೌದೆಂದು ಮೂರು ಸಲ ತಲೆಯಾಡಿಸಿದಳು. ಕಮಿಟಿಯ ಸಭೆ ಅಲ್ಲೇ ನಿಂತಲ್ಲೇ ನಡೆದು ಮುಗಿಯಿತು. ಕೋಣೆ ತಾರಾನಾಥನಿಗೇ ಉಳಿಯಿತು. ಪಾರ್ಸೆಲ್‌ಗಳು ಗೇಟಿನಲ್ಲೇ ಇರಲಿ ಎಂದಾಯಿತು.

ಎಲ್ಲರೂ ಹೋದ ಮೇಲೆ ತಾರಾನಾಥ ಒಬ್ಬನೇ ಕನ್ಸೋಲಿನ ಮುಂದೆ ಕೂತ. ಗೆದ್ದಿದ್ದ. ಎರಡು ವರ್ಷದ ಯೋಚನೆ ಸುಳ್ಳಾಗಲಿಲ್ಲ, ಹದಿನಾರು ದಾರಿಯೇ ಸರಿ ಎಂದು ಕೊನೆಗೂ ಲೋಕಕ್ಕೆ ತಿಳಿಯಿತು. ಪೆಟ್ಟಿಗೆಯನ್ನೊಮ್ಮೆ ಸವರೋಣವೆಂದು ಮೇಜಿನ ಕೆಳಗೆ ಬಗ್ಗಿದ.

ಪೆಟ್ಟಿಗೆ ಕತ್ತಲಾಗಿತ್ತು. ಒಂದು ದೀಪವೂ ಇರಲಿಲ್ಲ. ತಂತಿ ಹಿಡಿದು ಗೋಡೆಯ ಕಡೆ ಹೋದ. ಪೆಟ್ಟಿಗೆಯ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಅದಿರಬೇಕಾದ ಜಾಗದಲ್ಲಿ ಗಂಗಾಳ ಕೆಟಲಿನ ಪ್ಲಗ್ಗು ನಿಶ್ಚಿಂತೆಯಿಂದ ಕೂತಿತ್ತು. ಅವನು ಲ್ಯಾಪ್‌ಟಾಪ್ ತೆರೆದು ನೋಡಿದ. ಹದಿನಾರು ಸಾಲು ಇರಬೇಕಾದಲ್ಲಿ ಒಂದೇ ಒಂದು ಸಾಲಿತ್ತು. ಪೆಟ್ಟಿಗೆ ಸತ್ತದ್ದನ್ನು ಕಂಡು ಲ್ಯಾಪ್‌ಟಾಪು ಯಾರನ್ನೂ ಕೇಳದೆ, ತನ್ನೊಳಗಿನ ಸಾಸಿವೆಯಷ್ಟು ಮೈಕನ್ನು ತೆರೆದುಕೊಂಡು ಕೋಣೆಯ ಸದ್ದನ್ನೆಲ್ಲ ತಾನೇ ಕೇಳಿಸಿಕೊಂಡಿತ್ತು.

ಬಾಗಿಲಲ್ಲಿ ಪ್ರೇಮನಾಥ ಮತ್ತೆ ಕಾಣಿಸಿಕೊಂಡರು. ಕೈಯಲ್ಲಿ ಅಳತೆಯ ಟೇಪಿತ್ತು.

"ಪ್ರೇಮನಾಥಣ್ಣ, ಆ ಪೆಟ್ಟಿಗೆಯ ವಿಷಯ ಒಂದು ಹೇಳ್ಲಿಕ್ಕುಂಟು," ಎಂದ ತಾರಾನಾಥ.

"ನನಗೂ ಅದೇ ಹೇಳ್ಲಿಕ್ಕಿರುದು. ಇನ್ನು ಪ್ರತಿ ಶನಿವಾರ ರೆಕಾರ್ಡಿಂಗ್. ಜಯಲತಾ ಹೇಳಿದ್ದಾಳೆ, ಇವತ್ತು ಎರಡನೇ ಸಲ ಹೇಗೆ ಇತ್ತೋ ಹಾಗೇ ಇರ್ಬೇಕು. ಒಂದು ಕೂದಲು ಆಚೆ ಈಚೆ ಆದ್ರೂ ಕೋಣೆ ಪಾರ್ಸೆಲಿಗೆ. ಅದಕ್ಕೆ ಪೆಟ್ಟಿಗೆಗೆ ಗಾಜಿನ ಕಪಾಟು ಮಾಡಿಸುವ ಅಂತ. ಬೀಗ ಹಾಕುದು, ಕೀ ಅವಳ ಹತ್ರ. ಯಾರೂ ಮುಟ್ಟಬಾರದು." ಅವರು ಮಂಡಿಯೂರಿ ಪೆಟ್ಟಿಗೆಯ ಉದ್ದ ಅಗಲ ಅಳೆದು ಅಂಗೈಮೇಲೆ ಬರೆದುಕೊಂಡರು. "ಹಾಂ, ನೀವು ಏನೋ ಹೇಳ್ತಿದ್ದಿರಿ?"

ತಾರಾನಾಥ ಕನ್ಸೋಲನ್ನು ನೋಡಿದ. ಬರುವ ಶನಿವಾರಗಳೆಲ್ಲ ಅವನ ಕಣ್ಣ ಮುಂದೆ ಸಾಲಾಗಿ ನಿಂತವು. ಹದಿನಾರು ಗುಂಡಿಗಳನ್ನು ಭಕ್ತಿಯಿಂದ ಏರಿಸುತ್ತ ಇಳಿಸುತ್ತ ಅವನು ಕೂತಿರುತ್ತಾನೆ, ಮುಳ್ಳುಗಳು ಓಲಾಡುತ್ತಿರುತ್ತವೆ, ಅದರಲ್ಲಿ ಒಂದು ಹನಿ ಸ್ವರವೂ ಆ ಪೆಟ್ಟಿಗೆಯನ್ನು ದಾಟಿ ಎಲ್ಲಿಗೂ ಹೋಗಿರುವುದಿಲ್ಲ. "ಏನಿಲ್ಲ," ಎಂದ.

"ಕಪಾಟಿಗೆ ಹಿಂದಿನಿಂದ ಕರೆಂಟಿನ ವೈರ್ ಬರ್ಲಿಕ್ಕೆ ಒಂದು ತೂತು ಬೇಕಲ್ಲ?" ಎಂದು ಕೇಳಿದರು ಪ್ರೇಮನಾಥ, ಏಳುತ್ತ.

"ಬೇಡ," ಎಂದ ತಾರಾನಾಥ.