ಚಿಕ್ಕಪ್ಪನ ಕಾರು, ಚಿಕ್ಕಮ್ಮನ ಮಂಡಿ

ಇಡೀ ಕೊಚ್ಚಿಯಲ್ಲಿ ಕಾರಿಟ್ಟುಕೊಂಡೂ ಮನೆಯವರನ್ನು ನಡೆಸುವ ಮಹಾನುಭಾವರೆಂದರೆ ನಮ್ಮ ಚಿಕ್ಕಪ್ಪ ಒಬ್ಬರೇ! ಮೈಸೂರಿನಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ನಾನು ಓದಲೆಂದು ಅವರ ಮನೆ ಸೇರಿದ ತಿಂಗಳೇ ತಮ್ಮ ಪುಟ್ಟ ಕಾರಿಗೆ ಎಂಟೂವರೆ ಇಂಚು ಅಗಲದ ಚಕ್ರ ತೊಡಿಸಿ, ಸ್ಪ್ರಿಂಗ್ ಬದಲಿಸಿ, ಅದನ್ನು ನೆಲಕ್ಕೆ ಇಳಿಸಿಬಿಟ್ಟರು.

ಎಡಪ್ಪಳ್ಳಿಯ ಮೆಕ್ಯಾನಿಕ್ ಬೇಡಿಕೊಂಡಿದ್ದ: "ವೇಂಡ ಸಾರೇ, ಬೇಡ! ಒಂದಿಂಚು ಅಗಲ ಹೆಚ್ಚು ಮಾಡಿ, ಸಾಕು. ಎತ್ತರ ಕಂಪನಿ ಕೊಟ್ಟಷ್ಟೇ ಇರಲಿ."

"ನೋಡೋಕೆ ಹೇಗಿರುತ್ತೆ, ಅದು ಹೇಳಪ್ಪ."

ನೋಡೋಕೆ ಚೆನ್ನಾಗಿತ್ತು. ಕೂರೋಕೆ? ರಸ್ತೆಯಲ್ಲಿ ಹಂಪ್ ಬಂದಾಗಲೆಲ್ಲ ಭಾರ ಕಡಿಮೆ ಮಾಡಲು ನಾವು ಇಳಿಯಬೇಕು. ಕಾರು ಓರೆಯಾಗಿ, ನಾಜೂಕಾಗಿ ದಾಟಿದ ಮೇಲೆ ಓಡಿಹೋಗಿ ಹತ್ತಬೇಕು. ಎಲ್ಲವನ್ನೂ ಬರೆದಿಡುವ ರೋಗ ನನಗೆ. ಮೊದಲ ಭಾನುವಾರದ ಪುಟ: "ಫೋರ್ಟ್ ಕೊಚ್ಚಿ. ಹಂಪ್ ಹದಿನಾಲ್ಕು. ಇಳಿದದ್ದು ಹದಿನಾಲ್ಕು ಸಲ. ಆದರೂ ತಳ ಉಜ್ಜಿದ್ದು ಒಂಬತ್ತು. ಚಿಕ್ಕಪ್ಪ ಕ್ಷಮೆ ಕೇಳಿದ್ದು ಒಂಬತ್ತು ಸಲ, ಕಾರನ್ನು."

ಚಿಕ್ಕಮ್ಮನ ಮಂಡಿ ಸವೆದಿದೆ. ಅದನ್ನು ಯಾರು ಕೇಳಬೇಕು?

ವರ್ಷ ತುಂಬುವ ಹೊತ್ತಿಗೆ ತಿರುವನಂತಪುರದಲ್ಲಿ ಚಿಕ್ಕಮ್ಮನ ಅಕ್ಕನ ಮಗಳ ಮದುವೆ. ದಾರಿಯುದ್ದಕ್ಕೂ ಚಿಕ್ಕಮ್ಮ ಮೂವತ್ತೊಂದು ಸಲ ಇಳಿದು ಹತ್ತಿದರು, ರೇಷ್ಮೆ ಸೀರೆಯಲ್ಲಿ! ಅಲ್ಲಿನ ಚಾಲೈ ಪೇಟೆಬೀದಿಯಲ್ಲಿ ಹೂವು ಕೊಳ್ಳಲು ನಿಲ್ಲಿಸಿದಾಗ ಮಾತ್ರ ಅವರಿಗೆ ಸೀಟಿನಿಂದ ಮೇಲೇಳಲು ಆಗಲಿಲ್ಲ. ಹೂವಿನಂಗಡಿಯ ಇಬ್ಬರು ಹೆಂಗಸರು "ಪತುಕ್ಕೆ, ಚೇಚೀ, ಮೆಲ್ಲಗೆ ಅಕ್ಕಾ" ಎನ್ನುತ್ತ ಕಂಕುಳಿಗೆ ಕೈಹಾಕಿ ಎಳೆದರು. ಚಿಕ್ಕಪ್ಪನಿಗೆ ಬಾಗಿಲಿನ ಚಿಂತೆ: "ಬಾಗಿಲ ಮೇಲೆ ಭಾರ ಬಿಡಬೇಡ ಕಣೇ!"

ಚಿಕ್ಕಮ್ಮ ಸೆರಗು ಸರಿಮಾಡಿಕೊಂಡರು. "ರೀ, ವಾಪಸು ನಾನು ರೈಲಲ್ಲಿ ಬರ್ತೀನಿ. ಇನ್ನು ನಿಮ್ಮ ಪಕ್ಕ ಕೂರೋಳಲ್ಲ."

ಹಾಗೇ ಮಾಡಿದರು. ಆಮೇಲಿನ ಮೂರು ವಾರ ನನ್ನ ಡೈರಿಯಲ್ಲಿ ಒಂದೇ ಸಾಲು: "ಇಬ್ಬರ ನಡುವೆ ಮಾತು: ಸೊನ್ನೆ." ಆ ಮನೆಯಲ್ಲಿ ಸಾರೂ ಕಹಿಯಾಗಿತ್ತು.

ನಾಲ್ಕನೇ ಶನಿವಾರ ಬೆಳಿಗ್ಗೆ ಚಿಕ್ಕಪ್ಪ ಟೇಪು ಹಿಡಿದು ಮನೆಯ ಕುರ್ಚಿಗಳನ್ನೆಲ್ಲ ಅಳೆಯುತ್ತಿದ್ದರು.

"ಇದಕ್ಕೂ ಅಗಲದ ಚಕ್ರನಾ ಚಿಕ್ಕಪ್ಪ?" ಎಂದು ಚುಚ್ಚಿದೆ.

ಅವರು ತಲೆಯೆತ್ತಲಿಲ್ಲ. "ಸೋಫಾದಿಂದ ಏಳೋವಾಗ ಅವಳು ಗೋಡೆ ಹಿಡೀತಾಳೆ. ಮಂಚದಿಂದಲೂ ಹಿಡೀತಾಳೆ. ಈ ಊಟದ ಕುರ್ಚಿಯಿಂದ ಮಾತ್ರ ಹಿಡಿಯಲ್ಲ. ಹತ್ತೊಂಬತ್ತು ಇಂಚು."

ಒಂದು ವರ್ಷ ಹಂಪ್ ಎಣಿಸಿದ ನನ್ನ ಕಣ್ಣಿಗೆ ಆ ಗೋಡೆ ಒಂದು ದಿನವೂ ಬಿದ್ದಿರಲಿಲ್ಲ.

ಸಂಜೆ ಕಾರು ಎಡಪ್ಪಳ್ಳಿಯಿಂದ ಹಳೆಯ ತೆಳು ಚಕ್ರದಲ್ಲಿ, ಕೊಕ್ಕರೆಯ ಹಾಗೆ ಎತ್ತರವಾಗಿ, ಸ್ವಲ್ಪ ವಿಕಾರವಾಗಿಯೇ ವಾಪಸು ಬಂತು. ಸೀಟು ನೆಲದಿಂದ ಸರಿಯಾಗಿ ಹತ್ತೊಂಬತ್ತು ಇಂಚು.

"ಒಂದ್ಸಲ ಕೂತು ನೋಡು. ಎಲ್ಲೂ ಹೋಗೋದು ಬೇಡ," ಎಂದರು ಚಿಕ್ಕಪ್ಪ.

ಚಿಕ್ಕಮ್ಮ ಕೂತರು. ಎದ್ದರು. ಕೈ ಎಲ್ಲಿಯೂ ತಾಗಲಿಲ್ಲ.

"ಇದನ್ನ ಮೊದಲೇ ಮಾಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಗದರಿ, ಮತ್ತೆ ಕೂತು, ಬಾಗಿಲನ್ನು ಒಳಗಿನಿಂದ ಎಳೆದುಕೊಂಡರು.

ಈ ಸಲ ಕೀಲಿ ಹಿಡಿದು ಓಡಿಹೋಗಿ ಹತ್ತಿದ್ದು ಚಿಕ್ಕಪ್ಪ.